ಹೆಡರ್ ಇಲ್ಲದ ದನಿ: ಸೌಂಡ್ ಡಿಸೈನರ್ 2 ಫೈಲ್‌ಗಳನ್ನು ವೇವ್‌ಗೆ ತಂದ ಬಗೆ

ಒಂದು ಫೈಲ್ ಇದೆ. ಗಾತ್ರ 3,17,52,000 ಬೈಟ್. ಹೆಸರಿನ ಕೊನೆಗೆ ಎಕ್ಸ್‌ಟೆನ್ಶನ್ ಇಲ್ಲ, ಒಳಗೆ ಹೆಡರ್, ಅಂದರೆ ಫೈಲನ್ನು ಹೇಗೆ ಓದಬೇಕೆಂದು ಹೇಳುವ ಆರಂಭದ ಮಾಹಿತಿ, ಇಲ್ಲ. ಮೊದಲ ಬೈಟ್‌ನಿಂದ ಕೊನೆಯ ಬೈಟ್‌ವರೆಗೆ ಬರೀ ಸ್ಯಾಂಪಲ್‌ಗಳು, ಅಂದರೆ ದನಿಯ ಅಲೆಯನ್ನು ಕ್ಷಣಕ್ಷಣಕ್ಕೂ ಅಳೆದ ಸಂಖ್ಯೆಗಳು. 16 ಬಿಟ್, ಮಾನೋ, 44,100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸ್ಯಾಂಪಲ್) ಎಂದುಕೊಂಡರೆ ಇದು ಸರಿಯಾಗಿ 6 ನಿಮಿಷದ ರೆಕಾರ್ಡಿಂಗ್. ಸ್ಟೀರಿಯೋ ಎಂದುಕೊಂಡರೆ 3 ನಿಮಿಷ. 24 ಬಿಟ್ ಮಾನೋ ಆಗಿದ್ದರೆ 4 ನಿಮಿಷ. 16 ಬಿಟ್ ಮಾನೋ, 48,000 ಹರ್ಟ್ಸ್ ಆಗಿದ್ದರೆ 5 ನಿಮಿಷ 30.75 ಸೆಕೆಂಡ್. ನಾಲ್ಕೂ ಲೆಕ್ಕ ಎಲ್ಲೂ ಮುರಿಯದೆ ಕೂಡುತ್ತದೆ. ಯಾವುದು ನಿಜ ಎಂದು ಮಾತ್ರ ಫೈಲ್ ಬಾಯಿಬಿಡುವುದಿಲ್ಲ.

ಮುಚ್ಚಿಹೋದ ಒಂದು ಸ್ಟುಡಿಯೋದ ಸರಕು ನನ್ನ ಕೈಸೇರಿದಾಗ ಅದರಲ್ಲಿ ಇಂಥ ಫೈಲ್‌ಗಳು ಬೇಕಾದಷ್ಟಿದ್ದವು. ಎಲ್ಲವೂ 1990ರ ದಶಕದ ಬಹು ಟ್ರ್ಯಾಕ್ ರೆಕಾರ್ಡಿಂಗ್‌ಗಳು. ಕೆಲವು ಸ್ಕಸಿ ಎಂಬ ಹಳೆಯ ಜೋಡಣೆಯ ಹಾರ್ಡ್ ಡಿಸ್ಕ್‌ಗಳು, ಒಂದು ಕಟ್ಟು ಸಿಡಿ-ಆರ್, ಜೊತೆಗೆ ಯಾರೋ ಎಂದೋ ವಿಂಡೋಸ್ ಕಂಪ್ಯೂಟರಿಗೆ ನಕಲು ಮಾಡಿಟ್ಟಿದ್ದ ದೊಡ್ಡದೊಂದು ಫೋಲ್ಡರ್. ಹಾಡಿದವರಲ್ಲಿ, ನುಡಿಸಿದವರಲ್ಲಿ ಕೆಲವರು ಈಗಿಲ್ಲ. ಇನ್ನೊಮ್ಮೆ ಹಾಡಿಸಿ ಮುದ್ರಿಸಿಕೊಳ್ಳುವ ದಾರಿ ಇಲ್ಲವಾದ್ದರಿಂದ, ಒಂದೇ ಒಂದು ಸ್ಯಾಂಪಲ್ ಕೂಡ ಬದಲಾಗದಂತೆ ಇವನ್ನು ಇಂದಿನ ಯಾವ ಸಾಫ್ಟ್‌ವೇರ್ ಆದರೂ ತೆರೆಯುವ ವೇವ್ ರೂಪಕ್ಕೆ ತರಬೇಕೆಂದು ಮೊದಲೇ ಗುರಿ ಹಾಕಿಕೊಂಡೆ. ಕೆಲಸ ಮುಂದುವರಿದಂತೆ ಒಂದು ಮಾತು ಮತ್ತೆ ಮತ್ತೆ ನಿಜವಾಯಿತು: ದನಿಯ ಬೈಟ್‌ಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ, ಅವನ್ನು ಹೇಗೆ ಓದಬೇಕೆಂದು ಹೇಳುವ ಹತ್ತಿಪ್ಪತ್ತು ಬೈಟ್ ಕಳೆದುಹೋಗಿರುತ್ತವೆ. ಹಾಗಾಗಿ ಶ್ರಮದ ಬಹುಪಾಲು ಆ ಹತ್ತಿಪ್ಪತ್ತು ಬೈಟ್‌ಗಳ ಹುಡುಕಾಟಕ್ಕೇ ಹೋಯಿತು.

ಎರಡು ಕವಲಿನ ಫೈಲ್

ಹಿನ್ನೆಲೆ ಸ್ವಲ್ಪ ಬೇಕು. ಡಿಜಿಡಿಸೈನ್ ಕಂಪನಿ 1989ರಲ್ಲಿ ಸೌಂಡ್ ಟೂಲ್ಸ್, 1991ರಲ್ಲಿ ಪ್ರೋ ಟೂಲ್ಸ್ ತಂದಿತು. 1995ರಲ್ಲಿ ಆವಿಡ್ ಅದನ್ನು ಕೊಂಡುಕೊಂಡಿತು. ಆ ಕಾಲದ ಮ್ಯಾಕಿಂಟಾಷ್ ಸ್ಟುಡಿಯೋಗಳಲ್ಲಿ ದನಿ ಉಳಿಯುತ್ತಿದ್ದ ರೂಪವೇ ಸೌಂಡ್ ಡಿಸೈನರ್ 2, ಚಿಕ್ಕದಾಗಿ ಎಸ್‌ಡಿ2. ಹಳೆಯ ಮ್ಯಾಕ್‌ನಲ್ಲಿ ಪ್ರತಿ ಫೈಲಿಗೂ ಎರಡು ಕವಲು. ಒಂದು ಡೇಟಾ ಫೋರ್ಕ್, ಇನ್ನೊಂದು ರಿಸೋರ್ಸ್ ಫೋರ್ಕ್. ಎಸ್‌ಡಿ2 ತನ್ನ ಸ್ಯಾಂಪಲ್‌ಗಳನ್ನು ಡೇಟಾ ಫೋರ್ಕ್‌ನಲ್ಲಿ ಯಾವ ಹೊದಿಕೆಯೂ ಇಲ್ಲದೆ ಸುರಿದಿಡುತ್ತದೆ. ಸ್ಯಾಂಪಲ್ ರೇಟ್, ಬಿಟ್ ಆಳ, ಚಾನೆಲ್ ಸಂಖ್ಯೆ ಇವೆಲ್ಲ ಇರುವುದು ರಿಸೋರ್ಸ್ ಫೋರ್ಕ್‌ನಲ್ಲಿ.

ಮ್ಯಾಕ್ ಬಿಟ್ಟು ಹೊರಗೆ ಈ ಎರಡನೆಯ ಕವಲಿಗೆ ಸಾಮಾನ್ಯವಾಗಿ ಜಾಗವಿಲ್ಲ. ಫ್ಯಾಟ್ ಡಿಸ್ಕ್‌ಗೆ ನಕಲು ಮಾಡಿದರೆ, ಇಮೇಲ್‌ನಲ್ಲಿ ಕಳಿಸಿದರೆ, ಎಫ್‌ಟಿಪಿಯಲ್ಲಿ ಏರಿಸಿದರೆ ಬಹಳ ಸಲ ಡೇಟಾ ಫೋರ್ಕ್ ಮಾತ್ರ ದಾಟಿ ಹೋಗುತ್ತದೆ. ಫೈಲ್ ಗಾತ್ರ ನೋಡಿದವರಿಗೆ ಎಲ್ಲ ಬಂದಂತೆಯೇ ಕಾಣುತ್ತದೆ, ಏಕೆಂದರೆ ರಿಸೋರ್ಸ್ ಫೋರ್ಕ್ ಕೆಲವೇ ಕಿಲೋಬೈಟ್‌ನದು.

ಮೊದಲು ಡಿಸ್ಕ್‌ನ ಪ್ರತಿಬಿಂಬ

ಯಾವ ಡಿಸ್ಕನ್ನೂ ನೇರವಾಗಿ ಮೌಂಟ್ ಮಾಡಿ ಫೈಲ್ ಎಳೆಯಬೇಡಿ. ವಯಸ್ಸಾದ ಡಿಸ್ಕ್ ಯಾವ ಗಳಿಗೆಯಲ್ಲಿ ಕೈಕೊಡುತ್ತದೋ ಹೇಳಲಾಗದು. ಅದು ತಿರುಗುವ ಪ್ರತಿ ನಿಮಿಷವನ್ನೂ ಪೂರ್ತಿ ಇಮೇಜ್, ಅಂದರೆ ಇಡೀ ಡಿಸ್ಕ್‌ನ ಬೈಟ್ ಬಿಡದ ನಕಲು, ತೆಗೆಯಲಿಕ್ಕೇ ಬಳಸಬೇಕು. ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಸ್ಕಸಿ ಡಿಸ್ಕ್ ಜೋಡಿಸಲು ಅಡಾಪ್ಟೆಕ್ 2940 ಪಿಸಿಐ ಕಾರ್ಡ್ ಹಾಕಿ ಲಿನಕ್ಸ್ ಹತ್ತಿಸಿದೆ. ಸ್ಕಸಿ ಸರಪಳಿಯ ಎರಡೂ ತುದಿಗೆ ಟರ್ಮಿನೇಶನ್ (ಸಂಕೇತ ಹಿಂದಕ್ಕೆ ಪುಟಿಯದಂತೆ ತಡೆಯುವ ಜೋಡಣೆ) ಇರಬೇಕು, ಪ್ರತಿ ಸಾಧನಕ್ಕೂ ಬೇರೆ ಬೇರೆ ಐಡಿ ಇರಬೇಕು. ಡಿಸ್ಕ್ ಆಗಾಗ ಕಾಣೆಯಾಗುತ್ತಿದೆ ಎಂದರೆ ಡಿಸ್ಕ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಇವೆರಡನ್ನು ನೋಡಿ.

ಇಮೇಜ್ ತೆಗೆಯಲು ಗ್ನೂ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮ್ ಬಳಸಿದೆ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಿಸಿಕೊಳ್ಳುವ ಜಾಗವನ್ನೆಲ್ಲ ಎತ್ತಿಕೊಂಡು, ತೊಂದರೆ ಕೊಡುವ ಸೆಕ್ಟರ್‌ಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮತ್ತೆ ಮುಂದುವರಿಸಬಹುದು. ಸಿಡಿ-ಆರ್‌ಗಳಿಗೂ ಇದೇ ಸಾಕು, ಬ್ಲಾಕ್ ಗಾತ್ರವನ್ನು ಮಾತ್ರ 2048 ಎಂದು ಕೊಡಬೇಕು. ಮ್ಯಾಪ್ ಫೈಲನ್ನು ಇಮೇಜ್ ಜೊತೆಗೇ ಶಾಶ್ವತವಾಗಿ ಉಳಿಸಿಕೊಳ್ಳಿ. ಮುಂದೆ ಯಾವುದೋ ಟ್ರ್ಯಾಕ್‌ನಲ್ಲಿ ತಟಕ್ ಎಂಬ ಸದ್ದು ಕೇಳಿಸಿದರೆ ಅದು ಅಂದಿನ ರೆಕಾರ್ಡಿಂಗ್‌ನದೋ ಇಂದಿನ ಡಿಸ್ಕ್‌ನದೋ ಎಂದು ಹೇಳಬಲ್ಲ ಸಾಕ್ಷಿ ಅದೊಂದೇ.

ಇಮೇಜ್ ಕೈಗೆ ಬಂದ ಮೇಲೆ ಅದು ಯಾವ ಬಗೆಯದು ಎಂದು, ಬೈಟ್‌ಗಳನ್ನು ಹದಿನಾರರ ಎಣಿಕೆಯಲ್ಲಿ ನೇರವಾಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ನೋಡಿದೆ. ಆಪಲ್ ಪಾರ್ಟಿಶನ್ ಇದ್ದರೆ ಮೊದಲ ಬ್ಲಾಕ್ 'ಇಆರ್' ಅಕ್ಷರಗಳಿಂದ, 512 ಬೈಟ್ ದಾಟಿದರೆ ಸಿಗುವ ಎರಡನೆಯ ಬ್ಲಾಕ್ 'ಪಿಎಂ'ನಿಂದ ಶುರುವಾಗುತ್ತದೆ. ವಾಲ್ಯೂಮ್‌ನ, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳಿರುವ ಭಾಗದ, ಆರಂಭದಿಂದ 1024 ಬೈಟ್ ಒಳಗೆ 'ಬಿಡಿ' ಎಂದಿದ್ದರೆ ಮ್ಯಾಕ್ ಡಿಸ್ಕ್‌ಗಳಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆಯಾದ ಹಳೆಯ ಎಚ್‌ಎಫ್‌ಎಸ್, 'ಎಚ್+' ಎಂದಿದ್ದರೆ 1998ರಲ್ಲಿ ಮ್ಯಾಕ್ ಓಎಸ್ 8.1ರೊಂದಿಗೆ ಬಂದ ಎಚ್‌ಎಫ್‌ಎಸ್ ಪ್ಲಸ್. ಈ ವ್ಯತ್ಯಾಸ ಗೊತ್ತಿರಲೇಬೇಕು, ಏಕೆಂದರೆ ಮ್ಯಾಕ್‌ಓಎಸ್ 10.15ರಿಂದ ಈಚೆಗೆ ಆಪಲ್‌ನ ಸ್ವಂತ ಕಂಪ್ಯೂಟರ್‌ಗಳೂ ಹಳೆಯ ಎಚ್‌ಎಫ್‌ಎಸ್ ಓದುವುದಿಲ್ಲ. ನನ್ನ ಇಮೇಜ್‌ಗಳು ಬಹುತೇಕ ಹಳೆಯವೇ ಆಗಿದ್ದರಿಂದ ಎಚ್‌ಎಫ್‌ಎಸ್‌ಯುಟಿಲ್ಸ್ ಬಳಸಿದೆ. ಅದರ ನಕಲು ಆಜ್ಞೆಗೆ ಮ್ಯಾಕ್‌ಬೈನರಿ ಆಯ್ಕೆ ಕೊಟ್ಟರೆ ಎರಡೂ ಕವಲನ್ನು ಒಂದೇ ಫೈಲಿನಲ್ಲಿ ಕಟ್ಟಿಕೊಡುತ್ತದೆ: 128 ಬೈಟ್ ಹೆಡರ್, ನಂತರ ಡೇಟಾ ಫೋರ್ಕ್, ಅದನ್ನು 128ರ ಗುಣಕಕ್ಕೆ ತುಂಬಿಸಿದ ಸೊನ್ನೆಗಳು, ನಂತರ ರಿಸೋರ್ಸ್ ಫೋರ್ಕ್.

ಫೈಲ್ ಹೆಸರುಗಳ ವಿಷಯದಲ್ಲಿ ಒಂದು ಎಚ್ಚರ. ಎಚ್‌ಎಫ್‌ಎಸ್‌ನಲ್ಲಿ ಹೆಸರು 31 ಬೈಟ್‌ವರೆಗೆ, ಮ್ಯಾಕ್‌ರೋಮನ್ ಎನ್ಕೋಡಿಂಗ್‌ನಲ್ಲಿ ಇರುತ್ತದೆ. ಹೆಸರಿನೊಳಗೆ ಓರೆಗೆರೆ ಬರಬಹುದು, ಲಿನಕ್ಸ್‌ನಲ್ಲಿ ಅದು ಫೋಲ್ಡರ್ ಗುರುತಾಗಿಬಿಡುತ್ತದೆ. ಹೆಸರು ಬದಲಿಸುವುದು ಅನಿವಾರ್ಯವಾದಾಗ ಮೂಲ ಹೆಸರನ್ನು ಬೇರೆ ಪಟ್ಟಿಯಲ್ಲಿ ಹಾಗೇ ದಾಖಲಿಸಿದೆ. ಅಂದಿನ ಎಂಜಿನಿಯರ್ ಟ್ರ್ಯಾಕ್‌ಗೆ ಇಟ್ಟ ಹೆಸರು ಎಷ್ಟೋ ಸಲ ನುಡಿಸಿದವರ ಬಗ್ಗೆ ಉಳಿದಿರುವ ಏಕೈಕ ಲಿಖಿತ ದಾಖಲೆ.

ಕವಲು ಉಳಿದಿದ್ದ ಫೈಲ್‌ಗಳು

ಇವು ಸುಲಭ. ರಿಸೋರ್ಸ್ ಫೋರ್ಕ್‌ನ ಮೊದಲ 16 ಬೈಟ್‌ನಲ್ಲಿ ನಾಲ್ಕು ಸಂಖ್ಯೆಗಳಿವೆ: ಡೇಟಾ ಎಲ್ಲಿ ಶುರು, ಮ್ಯಾಪ್ (ಒಳಗಿನ ನಮೂದುಗಳ ಪಟ್ಟಿ) ಎಲ್ಲಿ ಶುರು, ಡೇಟಾ ಎಷ್ಟುದ್ದ, ಮ್ಯಾಪ್ ಎಷ್ಟುದ್ದ. ಎಲ್ಲವೂ ಬಿಗ್-ಎಂಡಿಯನ್, ಅಂದರೆ ದೊಡ್ಡ ಬೈಟ್ ಮೊದಲು. ಮ್ಯಾಪ್‌ನೊಳಗೆ 'ಎಸ್‌ಟಿಆರ್' ಎಂಬ ಬಗೆಯ ನಮೂದುಗಳನ್ನು ಹುಡುಕಬೇಕು. ಅದರಲ್ಲಿ ಐಡಿ 1000 ಸ್ಯಾಂಪಲ್‌ನ ಅಗಲ, 1001 ಸ್ಯಾಂಪಲ್ ರೇಟ್, 1002 ಚಾನೆಲ್ ಸಂಖ್ಯೆ. ಮೂರೂ ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಇರುತ್ತವೆ. ಮೊದಲ ಬೈಟ್ ಉದ್ದವನ್ನು ಹೇಳುವ ಪ್ಯಾಸ್ಕಲ್ ಸ್ಟ್ರಿಂಗ್. ರೇಟ್ 44100.0000 ಎಂದು ದಶಮಾಂಶದೊಂದಿಗೆ ಬರುವುದುಂಟು, ಆದ್ದರಿಂದ ಸ್ಕ್ರಿಪ್ಟ್‌ನಲ್ಲಿ ಅದನ್ನು ನೇರ ಪೂರ್ಣಾಂಕವಾಗಿ ಓದದೆ ದಶಮಾಂಶ ಸಂಖ್ಯೆಯಾಗಿ ಓದಬೇಕು. ಅಗಲ ಬೈಟ್ ಲೆಕ್ಕದಲ್ಲಿರುತ್ತದೆ: 2 ಎಂದರೆ 16 ಬಿಟ್, 3 ಎಂದರೆ 24 ಬಿಟ್.

ಲಿಬ್‌ಸೌಂಡ್‌ಫೈಲ್ ಗ್ರಂಥಾಲಯಕ್ಕೆ ಎಸ್‌ಡಿ2 ಗೊತ್ತು. ರಿಸೋರ್ಸ್ ಫೋರ್ಕ್ ಪಕ್ಕದಲ್ಲೇ ಆಪಲ್‌ಡಬಲ್ ರೂಪದಲ್ಲಿ, ಅಂದರೆ ಬೇರೆಯೇ ಒಂದು ಪುಟ್ಟ ಫೈಲಾಗಿ, ಇದ್ದರೆ ತಾನೇ ಓದಿಕೊಳ್ಳುತ್ತದೆ. ಹಾಗಿದ್ದೂ ನಾನು ಪೈಥಾನ್‌ನಲ್ಲಿ ಸ್ವಂತ ಓದುಗವನ್ನು ಬರೆದುಕೊಂಡೆ. ಮ್ಯಾಕ್‌ಬೈನರಿಯಿಂದ ನೇರವಾಗಿ ಓದಬೇಕಿತ್ತು, ತಾರೀಖುಗಳೂ ಬೇಕಿದ್ದವು. ಎರಡರ ಉತ್ತರವನ್ನೂ ಪ್ರತಿ ಫೈಲಿಗೆ ಹೋಲಿಸಿ ನೋಡಿದೆ. ಪೈಥಾನ್ ಬಳಸುವವರಿಗೆ ಒಂದು ಸೂಚನೆ: 3.13ರಿಂದ ಎಐಎಫ್‌ಸಿ, ಆಡಿಯೋಆಪ್ ಮಾಡ್ಯೂಲ್‌ಗಳನ್ನು ತೆಗೆದುಹಾಕಿದ್ದಾರೆ, ವೇವ್ ಮಾಡ್ಯೂಲ್ ಉಳಿದಿದೆ. ವೇವ್‌ನಲ್ಲಿ ಚಿಕ್ಕ ಬೈಟ್ ಮೊದಲು ಬರಬೇಕು, ಆದರೆ ಹಾಗೆ ಬೈಟ್ ಕ್ರಮ ತಿರುಗಿಸಲು ಆಡಿಯೋಆಪ್ ಬೇಕೇ ಬೇಕೆಂದಿಲ್ಲ. 24 ಬಿಟ್ ಆದರೆ ಪ್ರತಿ ಮೂರನೆಯ ಬೈಟನ್ನು ಮೊದಲ ಜಾಗಕ್ಕೆ, ಮೊದಲನೆಯದನ್ನು ಮೂರನೆಯ ಜಾಗಕ್ಕೆ ಸ್ಲೈಸ್ ಮಾಡಿ ಹಾಕಿದರೆ ಮುಗಿಯಿತು.

ಇದೇ ರಾಶಿಯಲ್ಲಿ ಎನ್ಸೋನಿಕ್ ಪ್ಯಾರಿಸ್ ಯಂತ್ರದ ಕೆಲವು 'ಪಿಎಎಫ್' ಫೈಲ್‌ಗಳೂ ಇದ್ದವು. ಅವುಗಳಲ್ಲಿ 2048 ಬೈಟ್ ಹೆಡರ್ ಇದೆ, 24 ಬಿಟ್ ಆದರೆ 32 ಬೈಟ್‌ನ ಒಂದೊಂದು ಕಟ್ಟಿನಲ್ಲಿ 10 ಸ್ಯಾಂಪಲ್ ಅಡಕವಾಗಿರುತ್ತವೆ. ಲಿಬ್‌ಸೌಂಡ್‌ಫೈಲ್ ಅವನ್ನೂ ಬಿಡಿಸುತ್ತದೆ, ಹೆಚ್ಚು ಹೇಳುವಂಥದ್ದೇನಿಲ್ಲ.

ಕವಲು ಕಳೆದುಕೊಂಡ ಫೈಲ್‌ಗಳು

ಈಗ ವಿಂಡೋಸ್ ಫೋಲ್ಡರ್. ಇಲ್ಲಿ ಊಹೆಗೆ ಇಳಿಯುವ ಮೊದಲು, ಕಳೆದುಹೋಗಿದೆ ಎಂದುಕೊಂಡ ರಿಸೋರ್ಸ್ ಫೋರ್ಕ್ ಎಲ್ಲಾದರೂ ಅಡಗಿದೆಯೇ ಎಂದು ಜಾಲಾಡಬೇಕು. ಅಡಗುವ ಜಾಗಗಳು ಹಲವು. ಹೆಸರಿನ ಮುಂದೆ ಚುಕ್ಕೆ ಮತ್ತು ಅಂಡರ್‌ಸ್ಕೋರ್ ಇರುವ ಪುಟ್ಟ ಫೈಲ್‌ಗಳು ಆಪಲ್‌ಡಬಲ್. ಹೆಕ್ಸ್‌ನಲ್ಲಿ 00 05 16 07 ಎಂದು ಶುರುವಾಗುತ್ತವೆ, ಅವುಗಳೊಳಗೆ ನಮೂದು ಸಂಖ್ಯೆ 2 ಎಂದರೆ ರಿಸೋರ್ಸ್ ಫೋರ್ಕ್. ಮ್ಯಾಕ್‌ನಲ್ಲಿ ಮಾಡಿದ ಜಿಪ್‌ಗಳಲ್ಲಿ ಇವು ಮ್ಯಾಕ್‌ಓಎಸ್ಎಕ್ಸ್ ಎಂಬ ಉಪಫೋಲ್ಡರ್‌ನಲ್ಲಿ ಕೂತಿರುತ್ತವೆ, ಕಸವೆಂದು ಬಹಳ ಜನ ಅಳಿಸಿಬಿಡುತ್ತಾರೆ. ಹಳೆಯ ಮ್ಯಾಕ್‌ನಿಂದ ಫ್ಯಾಟ್ ಡಿಸ್ಕ್‌ಗೆ ಬರೆದಿದ್ದರೆ 'ರಿಸೋರ್ಸ್.ಎಫ್‌ಆರ್‌ಕೆ' ಎಂಬ ಮರೆಯ ಫೋಲ್ಡರ್ ನೋಡಿ. ವಿಂಡೋಸ್ ಎನ್‌ಟಿ ಸರ್ವರ್ ಮೂಲಕ ಹಾದುಬಂದಿದ್ದರೆ ಎನ್‌ಟಿಎಫ್‌ಎಸ್‌ನ ಪರ್ಯಾಯ ಸ್ಟ್ರೀಮ್‌ನಲ್ಲಿ, ನೆಟ್‌ಅಟಾಕ್ ಸರ್ವರ್ ಆಗಿದ್ದರೆ '.ಆಪಲ್‌ಡಬಲ್' ಫೋಲ್ಡರ್‌ನಲ್ಲಿ ಇರಬಹುದು. ಈ ಹುಡುಕಾಟದಿಂದಲೇ ಫೋಲ್ಡರ್‌ನ ಒಂದು ಒಳ್ಳೆಯ ಪಾಲು ತನ್ನ ಗುರುತು ಮರಳಿ ಪಡೆಯಿತು.

ಇನ್ನು ಕೆಲವು ಫೈಲ್‌ಗಳು ಮ್ಯಾಕ್‌ಬೈನರಿಯಾಗಿಯೇ ಇದ್ದು ಹೆಸರಿನಲ್ಲಿ ಅದರ ಸುಳಿವಿರಲಿಲ್ಲ. ಶುರುವಿನಿಂದ 65 ಬೈಟ್ ಬಿಟ್ಟು ಮುಂದಿನ ನಾಲ್ಕರಲ್ಲಿ 'ಎಸ್‌ಡಿ2ಎಫ್' ಎಂಬ ಟೈಪ್ ಗುರುತು ಸಿಕ್ಕರೆ ಅದೇ. ಇದನ್ನು ಗಮನಿಸದೆ ಕಚ್ಚಾ ಸ್ಯಾಂಪಲ್ ಎಂದು ತೆರೆದರೆ ಏನಾಗುತ್ತದೆ ನೋಡಿ: 128 ಎಂಬುದು 2ರಿಂದಲೂ 4ರಿಂದಲೂ ಭಾಗವಾಗುತ್ತದೆ, ಹಾಗಾಗಿ 16 ಬಿಟ್ ಫೈಲ್ ಆದರೆ ಶುರುವಿನಲ್ಲಿ ಸಣ್ಣ ಸದ್ದು ಬಂದು ಮುಂದೆಲ್ಲ ಸರಿಯಾಗಿ ಕೇಳಿಸುತ್ತದೆ. 3ರಿಂದ ಭಾಗವಾಗುವುದಿಲ್ಲ, ಆದ್ದರಿಂದ 24 ಬಿಟ್ ಫೈಲ್ ಪೂರ್ತಿ ಗೊರಗೊರ ಸದ್ದಾಗಿ ಕೇಳಿಸುತ್ತದೆ. ಅಂಥ ಸದ್ದು ಕೇಳಿದೊಡನೆ ಫೈಲ್ ಹಾಳಾಗಿದೆ ಎಂದು ಕೈಚೆಲ್ಲಬಾರದು.

ಇಷ್ಟೆಲ್ಲ ಆದ ಮೇಲೂ ಅನಾಥವಾಗಿ ಉಳಿದವುಗಳನ್ನು ಅವುಗಳ ಬೈಟ್‌ಗಳಿಂದಲೇ ಮಾತಾಡಿಸಬೇಕು.

ಮೊದಲನೆಯದು ಬಿಟ್ ಆಳ. ಸಂಗೀತದಲ್ಲಿ ಮೆಲುದನಿಯ ಭಾಗಗಳು ಇದ್ದೇ ಇರುತ್ತವೆ. ಅಲ್ಲಿ ಸ್ಯಾಂಪಲ್‌ಗಳ ಬೆಲೆ ಸೊನ್ನೆಯ ಆಸುಪಾಸಿನಲ್ಲಿ ಓಡಾಡುತ್ತದೆ, ಹಾಗಾಗಿ ದೊಡ್ಡ ಬೈಟ್ ಹೆಚ್ಚಿನ ಸಲ ಹೆಕ್ಸ್ 00 ಅಥವಾ ಎಫ್‌ಎಫ್ ಆಗಿರುತ್ತದೆ. ಚಿಕ್ಕ ಬೈಟ್ ಮಾತ್ರ 0ಯಿಂದ 255ರವರೆಗೆ ಎಲ್ಲ ಕಡೆ ಹರಡಿಕೊಂಡಿರುತ್ತದೆ. ಫೈಲಿನ ಬೈಟ್‌ಗಳನ್ನು ಸ್ಥಾನದ ಪ್ರಕಾರ ಎರಡೆರಡಾಗಿ ಗುಂಪು ಮಾಡಿ ಎಣಿಸಿದೆ, ಆಮೇಲೆ ಮೂರುಮೂರಾಗಿ. ಎರಡರ ಗುಂಪಿನಲ್ಲಿ ಮೊದಲ ಸ್ಥಾನ 00 ಮತ್ತು ಎಫ್‌ಎಫ್‌ಗಳಿಂದ ತುಂಬಿ, ಎರಡನೆಯದು ಸಮನಾಗಿ ಹರಡಿದ್ದರೆ 16 ಬಿಟ್ ಬಿಗ್-ಎಂಡಿಯನ್. ಮೂರರ ಗುಂಪಿನಲ್ಲಿ ಆ ಚಿತ್ರ ಕಂಡರೆ 24 ಬಿಟ್. ಇದು ಎಷ್ಟು ನಿಚ್ಚಳವಾಗಿ ಕಾಣುತ್ತದೆಂದರೆ ಗ್ರಾಫ್ ನೋಡಿದ ಮೇಲೆ ವಾದಕ್ಕೆ ಎಡೆಯಿರುವುದಿಲ್ಲ. ಕೆಲವು 24 ಬಿಟ್ ಫೈಲ್‌ಗಳಲ್ಲಿ ಮೂರನೆಯ ಸ್ಥಾನ ಉದ್ದಕ್ಕೂ ಸೊನ್ನೆಯಾಗಿತ್ತು. ಅಂದರೆ ದನಿ ಮೂಲದಲ್ಲಿ 16 ಬಿಟ್‌ನದು, ಆಮೇಲೆ 24 ಬಿಟ್ ಸೆಷನ್‌ಗೆ ಸೇರಿಸಿದ್ದಾರೆ. ಜಾಗ ಉಳಿಯುತ್ತದೆಂದು ಅದನ್ನು 16ಕ್ಕೆ ಇಳಿಸಲಿಲ್ಲ. ಆ ಸೊನ್ನೆಗಳೂ ಚರಿತ್ರೆಯ ಭಾಗ.

ಈ ಎಣಿಕೆಯಿಂದ ಇನ್ನೊಂದು ಲಾಭವಿದೆ. ಎಫ್‌ಟಿಪಿಯನ್ನು ಪಠ್ಯ ಮೋಡ್‌ನಲ್ಲಿ ಬಿಟ್ಟು ಕಳಿಸಿದ ಫೈಲ್‌ಗಳನ್ನು ಇದು ಹಿಡಿದುಕೊಡುತ್ತದೆ. ಪಠ್ಯ ಮೋಡ್ ಸಾಲು ಮುಗಿಯುವ ಗುರುತುಗಳಾದ 0ಡಿ, 0ಎ ಬೈಟ್‌ಗಳನ್ನು ಬದಲಿಸುತ್ತದೆ. ಇಡೀ ಫೈಲಿನಲ್ಲಿ ಹೆಕ್ಸ್ 0ಡಿ ಬೈಟ್ ಒಂದೂ ಇಲ್ಲ, 0ಎ ಮಾತ್ರ ಅಕ್ಕಪಕ್ಕದ ಬೈಟ್‌ಗಳ ಎರಡರಷ್ಟಿದೆ ಎಂದರೆ ಎಲ್ಲ 0ಡಿಗಳನ್ನೂ 0ಎ ಮಾಡಿದ್ದಾರೆ. ಯಾವುದು ಮೂಲದ 0ಎ ಎಂದು ಈಗ ತಿಳಿಯುವ ದಾರಿಯಿಲ್ಲ. ಅದೇ, ಪ್ರತಿಯೊಂದು 0ಎ ಹಿಂದೆಯೂ ತಪ್ಪದೆ 0ಡಿ ಇದೆ ಎಂದಾದರೆ ಹೆಚ್ಚುವರಿ ಬೈಟ್ ತುರುಕಿದ್ದಾರೆ. ಅದನ್ನು ಹಿಂದೆ ತೆಗೆಯಬಹುದು: ಪ್ರತಿ 0ಎ ಹಿಂದಿನ ಒಂದು 0ಡಿಯನ್ನು ಅಳಿಸಿದರೆ ಸ್ಯಾಂಪಲ್‌ಗಳು ಮತ್ತೆ ಸಾಲಿಗೆ ಬರುತ್ತವೆ. ಹೀಗೆ ಜೀವ ಬಂದ ಟ್ರ್ಯಾಕ್ ಕೇಳಿದಾಗಿನ ಸಂತೋಷ ದೊಡ್ಡದು.

ಎರಡನೆಯದು ಚಾನೆಲ್. ಸ್ಟೀರಿಯೋ ಎಸ್‌ಡಿ2ನಲ್ಲಿ ಎಡ, ಬಲ ಸ್ಯಾಂಪಲ್‌ಗಳು ಒಂದಾದ ಮೇಲೊಂದು ಹೆಣೆದುಕೊಂಡಿರುತ್ತವೆ. ಹಾಗಾಗಿ ಒಂದು ಸ್ಯಾಂಪಲ್‌ಗೂ ಅದರ ಮುಂದಿನದಕ್ಕೂ ಇರುವ ಅಂತರವನ್ನು, ಅದಕ್ಕೂ ಅದರಾಚೆಯದಕ್ಕೂ ಇರುವ ಅಂತರದೊಂದಿಗೆ ಹೋಲಿಸಿದೆ. ಮಾನೋ ಆದರೆ ಪಕ್ಕದ್ದೇ ಹತ್ತಿರ. ಸ್ಟೀರಿಯೋ ಆದರೆ ಒಂದು ಬಿಟ್ಟು ಒಂದು ಹತ್ತಿರ. ಕಿವಿಯಿಂದಲೂ ಪತ್ತೆಯಾಗುತ್ತದೆ: ಸ್ಟೀರಿಯೋವನ್ನು ಮಾನೋ ಎಂದು ನುಡಿಸಿದರೆ ಅರ್ಧ ವೇಗದಲ್ಲಿ ಒಂದು ಸ್ಥಾಯಿ ಕೆಳಗೆ ಕೇಳಿಸುತ್ತದೆ, ಮಾನೋವನ್ನು ಸ್ಟೀರಿಯೋ ಎಂದರೆ ಎರಡರಷ್ಟು ವೇಗದಲ್ಲಿ ಒಂದು ಸ್ಥಾಯಿ ಮೇಲೆ. ಆದರೆ ಬಹು ಟ್ರ್ಯಾಕ್ ಸೆಷನ್‌ಗಳಲ್ಲಿ ಸ್ಟೀರಿಯೋ ಬೇಕಾದಾಗ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಮಾನೋ ಫೈಲ್ ಇಡುವ ರೂಢಿ ಇತ್ತು, ಹೆಸರಿನ ಕೊನೆಯಲ್ಲಿ '.ಎಲ್' '.ಆರ್' ಎಂದು. ಆ ಜೋಡಿಗಳನ್ನು ನಾನು ಒಂದುಗೂಡಿಸಲಿಲ್ಲ.

ಮೂರನೆಯದು, ನಿಜವಾಗಿ ಕಷ್ಟದ್ದು, ಸ್ಯಾಂಪಲ್ ರೇಟ್. ಬಿಟ್ ಆಳ ತಪ್ಪಾದರೆ ಬರೀ ಗದ್ದಲ ಕೇಳಿ ತಪ್ಪು ತಾನಾಗಿ ಗೊತ್ತಾಗುತ್ತದೆ. ರೇಟ್ ತಪ್ಪಾದರೆ ಸಂಗೀತ ಸಂಗೀತವಾಗಿಯೇ ಕೇಳಿಸುತ್ತದೆ, ಶ್ರುತಿ ಮಾತ್ರ ಬೇರೆ. 48,000ದ ಫೈಲನ್ನು 44,100 ಎಂದು ನುಡಿಸಿದರೆ ಸುಮಾರು ಒಂದೂವರೆ ಸೆಮಿಟೋನ್ ಕೆಳಗಿಳಿಯುತ್ತದೆ, ಹಾಡು ಸ್ವಲ್ಪ ನಿಧಾನವಾಗುತ್ತದೆ. ಗಾಯಕರನ್ನು ಬಲ್ಲವರಿಗಷ್ಟೇ ಗಂಟಲು ಭಾರವಾದಂತೆ ಅನ್ನಿಸೀತು. ಅಷ್ಟಕ್ಕೇ ಬಿಟ್ಟರೆ ಮುಂದಿನ ತಲೆಮಾರು ಅದನ್ನೇ ಆ ಕಲಾವಿದರ ದನಿ ಎಂದು ನಂಬುತ್ತದೆ. ಈ ಒಂದು ಕಾರಣಕ್ಕೆ ರೇಟ್ ವಿಷಯದಲ್ಲಿ ನಾನು ಕಿವಿಯನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲೇ ಇಲ್ಲ, ಅಳತೆ ಬೇಕೆಂದು ಪಟ್ಟು ಹಿಡಿದೆ.

ಅತ್ಯಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು ಯಾರೂ ಕೇಳಬಯಸದ ಟ್ರ್ಯಾಕ್‌ನಲ್ಲಿ. ಹಲವು ಸೆಷನ್‌ಗಳಲ್ಲಿ ಒಂದು ಟ್ರ್ಯಾಕ್ ತುಂಬ ಕರ್ಕಶವಾದ ಕಿರ್ರ್ ಸದ್ದು ಇತ್ತು. ಅದು ಎಸ್‌ಎಂಪಿಟಿಇ ಟೈಮ್‌ಕೋಡ್, ಟೇಪ್ ಯಂತ್ರವನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಓಡಿಸಲು ದನಿಯ ರೂಪದಲ್ಲಿ ಮುದ್ರಿಸುತ್ತಿದ್ದ ಗಡಿಯಾರ. ಪ್ರತಿ ಫ್ರೇಮ್‌ಗೆ, ಅಂದರೆ ಚಲನಚಿತ್ರದ ಒಂದು ಚೌಕಟ್ಟಿನ ಅವಧಿಗೆ, 80 ಬಿಟ್. ಸೆಕೆಂಡಿಗೆ 25 ಫ್ರೇಮ್ ಆದರೆ ಸೆಕೆಂಡಿಗೆ 2000 ಬಿಟ್. ಬಿಟ್ 0 ಆದರೆ ಅಲೆ ಆ ಬಿಟ್‌ನ ಅವಧಿಗೆ ಒಮ್ಮೆ ತಿರುಗುತ್ತದೆ, 1 ಆದರೆ ನಡುವೆ ಇನ್ನೊಮ್ಮೆ ತಿರುಗುತ್ತದೆ. ಪ್ರತಿ ಫ್ರೇಮ್‌ನ ಕೊನೆಯ 16 ಬಿಟ್ ಯಾವಾಗಲೂ ಒಂದೇ: 0011111111111101.

ಅಲೆ ಸೊನ್ನೆ ದಾಟುವ ಜಾಗಗಳ ನಡುವಿನ ಅಂತರವನ್ನು ಸ್ಯಾಂಪಲ್ ಲೆಕ್ಕದಲ್ಲಿ ಬರೆದುಕೊಂಡರೆ ಎರಡೇ ಗುಂಪು ಸಿಗುತ್ತವೆ, ಉದ್ದನೆಯವು ಮತ್ತು ಅದರ ಅರ್ಧದಷ್ಟಿರುವವು. ಅದರಿಂದ ಬಿಟ್‌ಗಳನ್ನು ಬಿಡಿಸಿ, ಆ 16 ಬಿಟ್‌ಗಳ ಗುರುತು ಎಲ್ಲೆಲ್ಲಿ ಬರುತ್ತದೆ ಎಂದು ನೋಡಿದೆ. ಎರಡು ಗುರುತುಗಳ ನಡುವೆ 1920 ಸ್ಯಾಂಪಲ್ ಇದ್ದರೆ 48,000 ಹರ್ಟ್ಸ್, 25 ಫ್ರೇಮ್. 1764 ಇದ್ದರೆ 44,100, 25 ಫ್ರೇಮ್. 30 ಫ್ರೇಮ್‌ಗೆ ಇವು 1600 ಮತ್ತು 1470; 24 ಫ್ರೇಮ್‌ಗೆ 2000 ಮತ್ತು 1837.5. ಒಂದರ ಅಂಕಿ ಇನ್ನೊಂದಕ್ಕೆ ತಾಕುವುದಿಲ್ಲ, ಹಾಗಾಗಿ ರೇಟ್ ಗೊಂದಲವಿಲ್ಲದೆ ತೀರ್ಮಾನವಾಗುತ್ತದೆ. ಟೇಪ್‌ನಿಂದ ಬಂದ ಕೆಲವು ಟ್ರ್ಯಾಕ್‌ಗಳಲ್ಲಿ ಅಂತರ 1920ರ ಆಚೀಚೆ ಚೂರು ಅಲುಗಾಡುತ್ತಿತ್ತು. ಅದು ಟೇಪ್ ಯಂತ್ರದ ವೇಗದ ಏರಿಳಿತ, ಸರಾಸರಿ ತೆಗೆದರೆ ಸಾಕು.

ಒಂದು ಟೇಕ್‌ನಲ್ಲಿ ಒಟ್ಟಿಗೆ ಮುದ್ರಿಸಿದ ಟ್ರ್ಯಾಕ್‌ಗಳ ಉದ್ದ ಸ್ಯಾಂಪಲ್ ಬಿಡದೆ ಒಂದೇ ಇರುತ್ತದೆ. ಟೈಮ್‌ಕೋಡ್ ಟ್ರ್ಯಾಕ್‌ನ ಉದ್ದಕ್ಕೆ ಸರಿಯಾಗಿ ಹೊಂದುವ ಗಾಯನ, ತಂತಿವಾದ್ಯ, ತಾಳವಾದ್ಯದ ಟ್ರ್ಯಾಕ್‌ಗಳೆಲ್ಲ ಅದೇ ರೇಟಿನವು ಎಂದು ಧೈರ್ಯವಾಗಿ ಹೇಳಬಹುದು. ಅದೇ ರೀತಿ, ರಿಸೋರ್ಸ್ ಫೋರ್ಕ್ ಉಳಿಸಿಕೊಂಡಿದ್ದ ಒಂದು ಟ್ರ್ಯಾಕ್ ತನ್ನ ಜೊತೆಗಾರರೆಲ್ಲರ ಗುರುತನ್ನೂ ಹೇಳಿಬಿಡುತ್ತದೆ.

ಟೈಮ್‌ಕೋಡ್ ಇಲ್ಲದ ಕಡೆ ವಿದ್ಯುತ್ತಿನ ಗುಂಯ್‌ಗುಡುವಿಕೆ ನೆರವಿಗೆ ಬಂತು. ಗಿಟಾರ್ ಆಂಪ್ಲಿಫೈಯರ್‌ನ ಟ್ರ್ಯಾಕ್‌ಗಳಲ್ಲಿ, ನುಡಿಸದೆ ಸುಮ್ಮನಿರುವ ಭಾಗದಲ್ಲಿ 50 ಹರ್ಟ್ಸ್ ಹಮ್ ಸಿಗುತ್ತದೆ. ಆ ಭಾಗದ ಉದ್ದನೆಯ ಸ್ಪೆಕ್ಟ್ರಮ್ ತೆಗೆದು, 44,100 ಎಂದು ಊಹಿಸಿದಾಗ ಶಿಖರ 50ರಲ್ಲೇ, ಅದರ ಮೂರನೆಯ ಹಾರ್ಮೋನಿಕ್ 150ರಲ್ಲೇ ನಿಂತರೆ ಊಹೆ ಸರಿ. ಶಿಖರ 45.9ಕ್ಕೆ, ಹಾರ್ಮೋನಿಕ್ 137.8ಕ್ಕೆ ಜಾರಿದ್ದರೆ ನಿಜವಾದ ರೇಟ್ 48,000. 60 ಹರ್ಟ್ಸ್ ವಿದ್ಯುತ್ ಇರುವಲ್ಲಿ ಮುದ್ರಿಸಿದ್ದಾದರೆ ಅದೇ ಲೆಕ್ಕಕ್ಕೆ 55.1 ಬರುತ್ತದೆ. ಹಮ್ ದುರ್ಬಲವಾಗಿದ್ದಲ್ಲಿ ಹಾರ್ಮೋನಿಕ್‌ಗಳೇ ಹೆಚ್ಚು ಭರವಸೆಯವು. ಶುದ್ಧವಾಗಿ ಮುದ್ರಿಸಿದ ಗಾಯನದ ಟ್ರ್ಯಾಕ್‌ನಲ್ಲಿ ಇದೂ ಸಿಗದಿರಬಹುದು.

ವೇವ್ ಬರೆಯುವುದು

ಗುರಿಯ ರೂಪವಾಗಿ ಬ್ರಾಡ್‌ಕಾಸ್ಟ್ ವೇವ್ ಆರಿಸಿಕೊಂಡೆ. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ 1997ರಲ್ಲಿ ತಂದದ್ದು. ಸಾಮಾನ್ಯ ವೇವ್ ಓದುವ ಯಾವ ಸಾಫ್ಟ್‌ವೇರ್ ಆದರೂ ಇದನ್ನು ತೆರೆಯುತ್ತದೆ, ಜೊತೆಗೆ 'ಬೆಕ್ಸ್ಟ್' ಎಂಬ ತುಂಡಿನಲ್ಲಿ ಮಾಹಿತಿ ಇಡಲು ಜಾಗವಿದೆ. ಧ್ವನಿ ದಾಖಲಾಲಯಗಳ ಅಂತರರಾಷ್ಟ್ರೀಯ ಸಂಘಟನೆ ಐಎಎಸ್‌ಎ ಸಂರಕ್ಷಣೆಗೆ ಶಿಫಾರಸು ಮಾಡುವುದೂ ಇದನ್ನೇ. ಪೈಥಾನ್‌ನ ವೇವ್ ಮಾಡ್ಯೂಲ್ ಬೆಕ್ಸ್ಟ್ ಬರೆಯುವುದಿಲ್ಲ, ಆದ್ದರಿಂದ ಸ್ಟ್ರಕ್ಟ್ ಮಾಡ್ಯೂಲ್ ಬಳಸಿ ತುಂಡುಗಳನ್ನು ನಾನೇ ಜೋಡಿಸಿದೆ. ಬೆಕ್ಸ್ಟ್‌ನ ಸ್ಥಿರ ಭಾಗ 602 ಬೈಟ್: ವಿವರಣೆಗೆ 256, ಸಿದ್ಧಪಡಿಸಿದವರ ಹೆಸರಿಗೆ 32, ಉಲ್ಲೇಖಕ್ಕೆ 32, ತಾರೀಖಿಗೆ 10, ಸಮಯಕ್ಕೆ 8, ಟೈಮ್ ರೆಫರೆನ್ಸ್‌ಗೆ 8, ಹೀಗೆ. ಅದರ ನಂತರ ಕೋಡಿಂಗ್ ಹಿಸ್ಟರಿ ಎಂಬ ಮುಕ್ತ ಪಠ್ಯ. ಇಲ್ಲಿ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಗೆ ಮಾತ್ರ ಪ್ರವೇಶ. ಕನ್ನಡದಲ್ಲಿ ಬರೆಯಬೇಕಾದ್ದನ್ನು ಪಕ್ಕದಲ್ಲಿ ಅದೇ ಹೆಸರಿನ ಯುಟಿಎಫ್-8 ಪಠ್ಯ ಫೈಲಿನಲ್ಲಿ ಇಟ್ಟೆ.

ಟೈಮ್ ರೆಫರೆನ್ಸ್ ಎಂದರೆ ಮಧ್ಯರಾತ್ರಿಯಿಂದ ಎಣಿಸಿದ ಸ್ಯಾಂಪಲ್ ಸಂಖ್ಯೆ. ಟೈಮ್‌ಕೋಡ್ ಟ್ರ್ಯಾಕ್ ಬಿಡಿಸಿದ್ದರ ಎರಡನೆಯ ಫಲ ಇಲ್ಲಿ ದಕ್ಕಿತು. ಟೇಕ್ 01:00:00:00ಕ್ಕೆ ಶುರುವಾಗಿದ್ದರೆ 48,000 ಹರ್ಟ್ಸ್‌ನಲ್ಲಿ ಆ ಸಂಖ್ಯೆ 17,28,00,000. ಅದನ್ನು ಟೇಕ್‌ನ ಎಲ್ಲ ಟ್ರ್ಯಾಕ್‌ಗೂ ಬರೆದರೆ, ಯಾವ ಎಡಿಟರ್‌ನಲ್ಲಿ ತೆರೆದರೂ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.

ತಾರೀಖು ಮ್ಯಾಕ್‌ನ ಲೆಕ್ಕದಲ್ಲಿ 1904ರ ಜನವರಿ 1ರಿಂದ ಎಣಿಸಿದ ಸೆಕೆಂಡ್‌ಗಳು. 1970ರಿಂದ ಎಣಿಸುವ ಯೂನಿಕ್ಸ್ ಲೆಕ್ಕಕ್ಕೆ ತರಲು 2,08,28,44,800 ಕಳೆಯಬೇಕು. ಹಳೆಯ ಎಚ್‌ಎಫ್‌ಎಸ್‌ನಲ್ಲಿ ಇದು ಆ ಊರಿನ ಸ್ಥಳೀಯ ಸಮಯ, ಎಚ್‌ಎಫ್‌ಎಸ್ ಪ್ಲಸ್‌ನಲ್ಲಿ ಯುಟಿಸಿ. ಫೈಲ್ 1904ರದೋ 1956ರದೋ ಎಂದು ತೋರಿಸಿದರೆ ಆ ಕಂಪ್ಯೂಟರಿನ ಗಡಿಯಾರದ ಬ್ಯಾಟರಿ ಸತ್ತಿತ್ತು ಎಂದರ್ಥ. ಅಂಥಲ್ಲಿ ಬೆಕ್ಸ್ಟ್‌ನ ತಾರೀಖನ್ನು ಖಾಲಿ ಬಿಟ್ಟು, ಸಿಕ್ಕ ಬೆಲೆಯನ್ನು ಪಠ್ಯ ಫೈಲಿನಲ್ಲಷ್ಟೇ ಬರೆದೆ.

ವೇವ್ ಬರೆಯುವಾಗ ಸುಲಭವಾಗಿ ಕಣ್ತಪ್ಪುವ ನಿಯಮ ಇನ್ನೊಂದಿದೆ. ತುಂಡಿನ ಉದ್ದ ಬೆಸವಾದರೆ ಕೊನೆಗೆ ಒಂದು ಸೊನ್ನೆ ಬೈಟ್ ಸೇರಿಸಬೇಕು, ಆದರೆ ಉದ್ದದ ಲೆಕ್ಕದಲ್ಲಿ ಅದನ್ನು ಸೇರಿಸಬಾರದು. 24 ಬಿಟ್ ಮಾನೋದಲ್ಲಿ ಸ್ಯಾಂಪಲ್ ಸಂಖ್ಯೆ ಬೆಸವಾದಾಗಲೆಲ್ಲ ಇದು ಎದುರಾಗುತ್ತದೆ.

ಶಬ್ದ ನಿವಾರಣೆ, ದನಿ ಏರಿಸುವುದು, ರೇಟ್ ಬದಲಿಸುವುದು ಯಾವುದನ್ನೂ ಮಾಡಲಿಲ್ಲ. ಸೆಷನ್‌ನಲ್ಲಿ ಕೆಲವು 44,100, ಕೆಲವು 48,000 ಇದ್ದರೆ ಹಾಗೇ ಇರಲಿ. ಮಿಕ್ಸ್ ಮಾಡುವವರು ತಮಗೆ ಬೇಕಾದಾಗ ಬದಲಿಸಿಕೊಳ್ಳಬಹುದು, ಹಿಂದಕ್ಕೆ ತರುವುದು ಮಾತ್ರ ಯಾರಿಂದಲೂ ಆಗದು.

ಸರಿಯಾಗಿದೆ ಎಂದು ಹೇಗೆ ಗೊತ್ತು

ಬರೆದ ಸ್ಕ್ರಿಪ್ಟೇ ತನ್ನ ಕೆಲಸ ಸರಿ ಎಂದು ಹೇಳಿದರೆ ಅದು ಸಾಕ್ಷಿಯಲ್ಲ. ಅದಕ್ಕೆ ಪರೀಕ್ಷೆಯನ್ನು ಬೇರೆ ಸಾಧನದಿಂದ ಮಾಡಿದೆ. ಹೊಸ ವೇವ್ ಫೈಲನ್ನು ಆಡಿಯೋ ರೂಪಾಂತರಿಸುವ ಪ್ರೋಗ್ರಾಮ್ ಆದ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು, ಒಳಗಿನ ಸ್ಯಾಂಪಲ್‌ಗಳನ್ನು ಬಿಗ್-ಎಂಡಿಯನ್ ಕಚ್ಚಾ ರೂಪದಲ್ಲಿ ಹೊರತೆಗೆಯಿಸಿ ಅದರ ಎಂಡಿ5, ಅಂದರೆ ಎಲ್ಲ ಬೈಟ್‌ಗಳಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಚಿಕ್ಕ ಗುರುತು, ತೆಗೆದೆ. ಮೂಲದ ಡೇಟಾ ಫೋರ್ಕ್‌ನ ಎಂಡಿ5 ಜೊತೆ ಅದು ಅಕ್ಷರಕ್ಕಕ್ಷರ ಹೊಂದಬೇಕು. ಹೊಂದಿತೆಂದರೆ ಹೋದದ್ದೂ ಬಂದದ್ದೂ ಒಂದೇ, ನಡುವೆ ಯಾವ ಸ್ಯಾಂಪಲ್ಲೂ ಅಲುಗಿಲ್ಲ. ಪಠ್ಯ ಮೋಡ್‌ನಿಂದ ದುರಸ್ತಿ ಮಾಡಿದ ಫೈಲ್‌ಗಳಿಗೆ, ದುರಸ್ತಿಗೆ ಮುಂಚಿನ ಮತ್ತು ನಂತರದ ಎರಡೂ ಎಂಡಿ5 ಬರೆದಿಟ್ಟೆ.

ಆದರೆ ಈ ಪರೀಕ್ಷೆಗೆ ರೇಟ್ ಗೊತ್ತಿಲ್ಲ. ಅದು ಬರೀ ಹೆಡರ್‌ನಲ್ಲಿರುವ ಸಂಖ್ಯೆ, ಸ್ಯಾಂಪಲ್‌ಗಳಿಗೆ ಅದರ ಸುದ್ದಿಯಿಲ್ಲ. ಆದ್ದರಿಂದ ಪ್ರತಿ ಫೈಲಿನ ಕೋಡಿಂಗ್ ಹಿಸ್ಟರಿಯಲ್ಲಿ ರೇಟ್ ಎಲ್ಲಿಂದ ಬಂತು ಎಂದೂ ಬರೆದೆ: ರಿಸೋರ್ಸ್ ಫೋರ್ಕ್‌ನಿಂದ, ಟೈಮ್‌ಕೋಡ್‌ನಿಂದ, ಜೊತೆಗಾರ ಟ್ರ್ಯಾಕ್‌ನ ಉದ್ದದಿಂದ, ಹಮ್‌ನಿಂದ. ಇದರಲ್ಲಿ ಮೊದಲೆರಡಕ್ಕೆ ನಾನು ಪೂರ್ತಿ ಜವಾಬ್ದಾರ. ಕೊನೆಯೆರಡನ್ನು ಮುಂದೆ ಯಾರಾದರೂ ಮತ್ತೆ ಪ್ರಶ್ನಿಸಬಹುದು, ಪ್ರಶ್ನಿಸಲು ಬೇಕಾದ ಅಂಕಿಗಳು ಪಠ್ಯ ಫೈಲಿನಲ್ಲಿವೆ.

ಕೊನೆಗೆ ಉಳಿಸಿದ್ದು ನಾಲ್ಕು ಪದರ: ಡಿಸ್ಕ್ ಇಮೇಜ್ ಮತ್ತು ಅದರ ಮ್ಯಾಪ್, ಅದರಿಂದ ತೆಗೆದ ಮ್ಯಾಕ್‌ಬೈನರಿಗಳು, ವೇವ್‌ಗಳು, ಪಠ್ಯ ಟಿಪ್ಪಣಿಗಳು. ಪ್ರತಿಯೊಂದರ ಎರಡು ನಕಲು ಬೇರೆ ಬೇರೆ ಜಾಗದಲ್ಲಿವೆ. ಕೇಳಲು ಹಂಚುವ ಪ್ರತಿಗಳನ್ನು ಎಫ್‌ಎಲ್‌ಎಸಿಯಲ್ಲಿ ಮಾಡಿದೆ. ಅದು ನಷ್ಟವಿಲ್ಲದೆ ಕುಗ್ಗಿಸುತ್ತದೆ, ಸ್ಯಾಂಪಲ್‌ಗಳ ಎಂಡಿ5ಯನ್ನು ತನ್ನ ಹೆಡರ್‌ನಲ್ಲೇ ಹೊತ್ತಿರುತ್ತದೆ.

ಯಾವ ಅಳತೆಗೂ ಸಿಗದ ಕೆಲವು ಗಾಯನದ ಟ್ರ್ಯಾಕ್‌ಗಳು ಉಳಿದಿವೆ. ಟೈಮ್‌ಕೋಡ್ ಇಲ್ಲ, ಜೊತೆಗಾರರಿಲ್ಲ, ಹಮ್ ಕೂಡ ಇಲ್ಲ. ಅವನ್ನು ಒಂದು ರೇಟ್‌ಗೆ ಕಟ್ಟಿಹಾಕದೆ 44,100 ಮತ್ತು 48,000 ಎರಡರಲ್ಲೂ ವೇವ್ ಮಾಡಿ, ಹೆಸರಿನಲ್ಲೇ 'ಅಂದಾಜು' ಎಂದು ಸೇರಿಸಿದ್ದೇನೆ. ಅದೇ ಹಾಡುಗಳ ಬಿಡುಗಡೆಯಾದ ಕ್ಯಾಸೆಟ್ ಪ್ರತಿ ಸಿಕ್ಕರೂ ಕ್ಯಾಸೆಟ್ ಯಂತ್ರದ ವೇಗವನ್ನು ಅಷ್ಟಾಗಿ ನಂಬಲಾಗದು, ಆದರೆ ಸಿಡಿ ಸಿಕ್ಕರೆ ಎರಡು ಸಾಲಿನ ನಡುವಿನ ಅವಧಿಯನ್ನು ಹೋಲಿಸಿ ನೋಡಿದರೆ ಸಾಕು. ಎರಡು ರೇಟ್‌ಗಳ ನಡುವೆ ಶೇಕಡಾ 8.8ರ ವ್ಯತ್ಯಾಸ ಇರುವುದರಿಂದ ಉತ್ತರ ಮೊದಲ ಚರಣದಲ್ಲೇ ಸಿಗುತ್ತದೆ. ಸದ್ಯ ಆ ಸಿಡಿಗಳನ್ನು ಹುಡುಕುತ್ತಿದ್ದೇನೆ.